ರಂಗದಿಂದ ಬೈಠಕ್ಕಿಗೆ: ಸವಾಯಿ ಗಂಧರ್ವರ ಕಲಾಜೀವನ

ಧಾರವಾಡ ಸೀಮೆಯ ಹಿಂದುಸ್ತಾನಿ ಸಂಗೀತದ ಚರಿತ್ರೆಯಲ್ಲಿ ರಾಮಭಾವು ಕುಂದಗೋಳಕರರ ಹೆಸರು ಎರಡು ನೆಲೆಗಳಲ್ಲಿ ಬರುತ್ತದೆ. ಒಂದು, ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂಖಾನರ ಪಟ್ಟಶಿಷ್ಯರೆಂದು. ಇನ್ನೊಂದು, ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರ ಗುರುಗಳೆಂದು. ಈ ಎರಡು ನೆಲೆಗಳ ನಡುವೆ ಅವರು ಮರಾಠಿ ಸಂಗೀತ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ಹಾಡಿದ ದೀರ್ಘಕಾಲವಿದೆ. ಈ ಕಾಲವನ್ನು ಬಹುತೇಕ ಬರಹಗಳು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ. ಕನ್ನಡ ರಂಗಭೂಮಿಯ ಚರಿತ್ರಕಾರರಿಗೆ ಅವರು ಮರಾಠಿ ನಟರು. ಮರಾಠಿ ರಂಗಭೂಮಿಯ ಚರಿತ್ರಕಾರರಿಗೆ ಬಾಲಗಂಧರ್ವರ ನೆರಳಿನಲ್ಲಿ ಬರುವ ಕನ್ನಡಿಗರು. ಸಂಗೀತದ ಚರಿತ್ರಕಾರರಿಗೆ ನಾಟಕದ ವರ್ಷಗಳು ಗುರುವಿನ ಮಾತು ಮೀರಿ ತುಳಿದ ಅಡ್ಡದಾರಿ. ಹೀಗೆ ಮೂರು ಚರಿತ್ರೆಗಳ ಗಡಿಯಲ್ಲಿ ನಿಂತ ಈ ಕಲಾವಿದರನ್ನು ನಾವು ಇಂದಿಗೂ ಕರೆಯುವುದು ರಂಗಭೂಮಿ ಕೊಟ್ಟ ಹೆಸರಿನಿಂದಲೇ. ರಂಗದ ಬದುಕನ್ನೂ ಬೈಠಕ್ಕಿನ ಬದುಕನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಸವಾಯಿ ಗಂಧರ್ವರ ಸಾಧನೆ ಪೂರ್ಣವಾಗಿ ಅರ್ಥವಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ಊರು ಮತ್ತು ಮೊದಲ ಪಾಠ

ರಾಮಚಂದ್ರ ಗಣೇಶ ಸಂಶಿ ಅವರು ೧೮೮೬ರ ಜನವರಿ ೧೯ರಂದು ಧಾರವಾಡ ಜಿಲ್ಲೆಯ ಅಮರಗೋಳದಲ್ಲಿ ಜನಿಸಿದರು. ಬೆಳೆದದ್ದು ಕುಂದಗೋಳದಲ್ಲಿ. ಮನೆತನದ ಅಡ್ಡಹೆಸರಾದ ಸಂಶಿ ಕುಂದಗೋಳದ ನೆರೆಯ ಊರಿನ ಹೆಸರೂ ಹೌದು. ತಂದೆ ಗಣೇಶರಾಯರು ಕುಂದಗೋಳದ ನಾಡಿಗೇರ ಮನೆತನದ ಆಶ್ರಯದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಕುಂದಗೋಳ ಆಗ ಬ್ರಿಟಿಷರ ನೇರ ಆಡಳಿತಕ್ಕೆ ಸೇರಿರಲಿಲ್ಲ. ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಒಳಪಟ್ಟಿತ್ತು. ಸುತ್ತಲೂ ಕಪ್ಪು ಎರೆಭೂಮಿ, ಜೋಳ ಹತ್ತಿಗಳ ಬೆಳೆ, ಊರ ನಡುವೆ ದೊಡ್ಡ ವಾಡೆ, ಹುಬ್ಬಳ್ಳಿಗೆ ಹೋಗಿಬರಲು ರೈಲು: ಈ ಪರಿಸರದಲ್ಲಿ ಅವರ ಬಾಲ್ಯ ಕಳೆಯಿತು. ಮನೆಯ ಮಾತು ಕನ್ನಡ. ಸಂಸ್ಥಾನದ ಪಟವರ್ಧನರು ಮರಾಠಿ ಭಾಷಿಕರು. ಎರಡು ಭಾಷೆಗಳ ಈ ಬಳಕೆ ಮುಂದೆ ಅವರ ಜೀವನದ ದಿಕ್ಕನ್ನು ನಿರ್ಧರಿಸುವಲ್ಲಿ ಪಾತ್ರ ವಹಿಸಿತು.

ಹುಡುಗನ ಓದು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯವರೆಗೆ ಹೋಯಿತಾದರೂ ಮುಂದುವರಿಯಲಿಲ್ಲ. ಒಲವೆಲ್ಲ ಹಾಡಿನ ಕಡೆಗಿತ್ತು. ಮೊದಲು ಪಾಠ ಹೇಳಿದವರು ಬಲವಂತರಾವ್ ಕೊಲ್ಹಟಕರ. ಅವರಿಂದ ಧ್ರುಪದ, ತರಾನಾ ಹಾಗೂ ದ್ರುತ ಲಯದ ಚೀಜುಗಳ ಒಂದು ಸಂಗ್ರಹವೇ ಬಾಲಕನಿಗೆ ದೊರೆಯಿತು. ಕೊಲ್ಹಟಕರರು ತೀರಿಕೊಂಡಾಗ ಕಲಿಕೆ ನಡುವೆಯೇ ನಿಂತಿತು. ಕಂಠಪಾಠವಿತ್ತು, ತಾಳಜ್ಞಾನವಿತ್ತು, ಆದರೆ ಸ್ವರವನ್ನು ಹಿಡಿದು ರಾಗವನ್ನು ಬೆಳೆಸುವ ವಿದ್ಯೆ ಇನ್ನೂ ಕೈಗೆ ಬಂದಿರಲಿಲ್ಲ.

೨. ಖಾನ್ ಸಾಹೇಬರ ಶಿಷ್ಯತ್ವ

ಉತ್ತರ ಪ್ರದೇಶದ ಕೈರಾನಾದಿಂದ ಹೊರಟು ಬಡೋದೆಯ ಆಸ್ಥಾನದಲ್ಲಿದ್ದು, ಬಳಿಕ ಮಿರಜವನ್ನು ನೆಲೆಯಾಗಿಸಿಕೊಂಡ ಅಬ್ದುಲ್ ಕರೀಂಖಾನರು (೧೮೭೨-೧೯೩೭) ಮೈಸೂರು ಆಸ್ಥಾನಕ್ಕೂ ಹೋಗಿ ಬರುತ್ತಿದ್ದರು. ಮಿರಜ-ಮೈಸೂರುಗಳ ನಡುವಿನ ಈ ಸಂಚಾರದಲ್ಲಿ ಹುಬ್ಬಳ್ಳಿ-ಧಾರವಾಡಗಳು ಅವರಿಗೆ ತಂಗುದಾಣಗಳಾದವು. ಕಿರಾನಾ ಗಾಯಕಿ ಈ ಭಾಗದಲ್ಲಿ ಬೇರೂರಲು ಈ ಭೌಗೋಳಿಕ ಕಾರಣವೂ ಇದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಖಾನ್ ಸಾಹೇಬರು ಇಳಿದುಕೊಂಡಿದ್ದಾಗ, ತಾವು ಹಾಡುತ್ತಿದ್ದ ಭೈರವಿಯ ಠುಮ್ರಿಯ ತುಣುಕನ್ನು ಹುಡುಗನೊಬ್ಬ ಗುನುಗುತ್ತಿದ್ದುದನ್ನು ಕೇಳಿ ಮೆಚ್ಚಿದರೆಂಬುದು ಶಿಷ್ಯಪರಂಪರೆ ಹೇಳಿಕೊಂಡು ಬಂದ ಸಂಗತಿ. ಎಂಟು ವರ್ಷ ತಮ್ಮ ಜೊತೆಯಲ್ಲಿರಬೇಕೆಂಬ ಕರಾರಿನ ಮೇಲೆ ಅವರು ರಾಮಭಾವುವನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಈ ಶಿಷ್ಯತ್ವ ಸುಲಭದ್ದಾಗಿರಲಿಲ್ಲ. ಹರೆಯದಲ್ಲಿ ಶಿಷ್ಯನ ದನಿ ಒಡೆದು ಗಡುಸಾಯಿತು. ಗುರುವಿನದು ಸಹಜವಾಗಿ ತೆಳುವಾದ, ಮೇಲಿನ ಸ್ಥಾಯಿಯಲ್ಲಿ ದಾರದಂತೆ ಎಳೆಯಬಲ್ಲ ಇಂಪಾದ ಕಂಠ. ಶಿಷ್ಯನದು ಮಣಿಯದ ಕಂಠ. ಖಾನ್ ಸಾಹೇಬರು ಹೊಸ ಚೀಜುಗಳನ್ನು ಹೇಳಿಕೊಡುವ ಬದಲು ಆಯ್ದ ಕೆಲವು ಪಲ್ಟಾಗಳನ್ನೇ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಹಾಡಿಸಿದರು. ನಸುಕಿನಲ್ಲಿ ಮಂದ್ರ ಸ್ಥಾಯಿಯ ಸಾಧನೆ, ಒಂದೊಂದು ಸ್ವರವನ್ನೂ ತಂಬೂರಿಯ ಶ್ರುತಿಯಲ್ಲಿ ಕರಗುವವರೆಗೆ ನಿಲ್ಲಿಸುವುದು: ಇದು ಪಾಠಕ್ರಮ. ಸ್ವರಕ್ಕೆ ಪ್ರಾಧಾನ್ಯ ಕೊಡುವ ಕಿರಾನಾ ಪದ್ಧತಿಯ ಸಾರವೇ ಇದು. ಗುರುವಿನ ಕಂಠವನ್ನು ಅನುಕರಿಸಲಾಗದ ಶಿಷ್ಯ ಗುರುವಿನ ಕ್ರಮವನ್ನು ಮೈಗೂಡಿಸಿಕೊಂಡ. ಈ ವ್ಯತ್ಯಾಸ ಗಮನಾರ್ಹವಾದುದು. ಕಂಠದ ಅನುಕರಣೆ ಒಬ್ಬರಲ್ಲಿಯೇ ಮುಗಿದುಹೋಗುತ್ತದೆ. ಕ್ರಮವನ್ನು ಬೇರೆ ಬೇರೆ ಕಂಠಗಳಿಗೆ ಕಲಿಸಬಹುದು. ಮುಂದೆ ಗಂಗೂಬಾಯಿಯವರ ಗಂಡುದನಿಯಂತಹ ಕಂಠಕ್ಕೂ ಭೀಮಸೇನರ ತುಂಬುಕಂಠಕ್ಕೂ ಫಿರೋಜ್ ದಸ್ತೂರರ ಮೃದುಕಂಠಕ್ಕೂ ಒಂದೇ ಮನೆಯಲ್ಲಿ ಪಾಠವಾಗಲು ಸಾಧ್ಯವಾದದ್ದು ಇದರಿಂದ.

೩. ನಾಟಕ ಕಂಪನಿಯ ಕರೆ

ಸುಮಾರು ೧೯೦೮ರಲ್ಲಿ ರಾಮಭಾವು ಗುರುವಿನ ಬಳಿಯಿಂದ ಹೊರಬಂದು ಮರಾಠಿ ನಾಟಕ ಕಂಪನಿಯನ್ನು ಸೇರಿದರು. ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯಲ್ಲಿ ಅವರ ರಂಗಜೀವನ ರೂಪುಗೊಂಡಿತು. ಖಾನ್ ಸಾಹೇಬರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ವರ್ಷಗಟ್ಟಲೆ ತಿದ್ದಿ ತೀಡಿದ ದನಿಯನ್ನು ರಾತ್ರಿಯಿಡೀ ಧ್ವನಿವರ್ಧಕವಿಲ್ಲದ ಮಂಟಪದಲ್ಲಿ ಕೂಗಿ ಹಾಡಿ ಕಳೆದುಕೊಳ್ಳುವುದು, ರಾಗದ ಬೆಳವಣಿಗೆಯನ್ನು ಪದದ ಅಳತೆಗೆ ಕತ್ತರಿಸುವುದು ಘರಾಣೆಯ ಉಸ್ತಾದರಿಗೆ ಹಿಡಿಸದಿದ್ದುದು ಸಹಜ.

ಆದರೆ ಕಾರಕೂನನ ಮಗನಿಗೆ ಬೇರೆ ದಾರಿ ಯಾವುದಿತ್ತು ಎಂಬುದನ್ನೂ ಕೇಳಬೇಕು. ಆಸ್ಥಾನಗಳು ಕೆಲವೇ ಹಿರಿಯ ಉಸ್ತಾದರಿಗೆ ಆಶ್ರಯ ಕೊಡುತ್ತಿದ್ದವು. ಟಿಕೆಟ್ ಕೊಂಡು ಶಾಸ್ತ್ರೀಯ ಸಂಗೀತ ಕೇಳುವ ಸಾರ್ವಜನಿಕ ಸಭೆಗಳು ಇನ್ನೂ ಕಣ್ಣುಬಿಡುತ್ತಿದ್ದ ಕಾಲ. ಆಕಾಶವಾಣಿ ಇರಲಿಲ್ಲ. ಗಾಯಕನೊಬ್ಬನಿಗೆ ನಿಯತವಾದ ಸಂಬಳ, ಊಟ, ವಸತಿ, ಸಾವಿರಾರು ಶ್ರೋತೃಗಳು ದೊರೆಯುತ್ತಿದ್ದ ಸ್ಥಳವೆಂದರೆ ನಾಟಕ ಕಂಪನಿ. ಅದೂ ಆ ದಶಕದಲ್ಲಿ ಮರಾಠಿ ಸಂಗೀತ ನಾಟಕವು ತನ್ನ ಏಳಿಗೆಯ ದಿನಗಳಲ್ಲಿತ್ತು.

ಈ ಸಂಗೀತ ನಾಟಕಕ್ಕೆ ಕನ್ನಡ ನಾಡಿನ ನಂಟು ಹಳೆಯದು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿಯಲ್ಲಿ ಆಡಿದ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಮರಾಠಿ ನಾಟಕಕ್ಕೆ ನಾಂದಿ ಹಾಡಿದರು. ೧೮೮೦ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನೂ ೧೮೮೨ರಲ್ಲಿ ಸೌಭದ್ರವನ್ನೂ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ನಾಟಕಗಳ ಕೆಲವು ಪದಗಳಿಗೆ ಕನ್ನಡ ಹಾಡುಗಳ ಮಟ್ಟೇ ಮೂಲ. ಇತ್ತ ಕನ್ನಡದಲ್ಲಿ, ಮರಾಠಿ ಕಂಪನಿಗಳ ಪ್ರಭಾವಕ್ಕೆ ಎದುರಾಗಿ ಶಾಂತಕವಿಗಳು ೧೮೭೦ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಅದರ ಹಿಂದೆಯೇ ಹಲವು ವೃತ್ತಿಕಂಪನಿಗಳು ಹುಟ್ಟಿದವು. ಮಲ್ಲಿಕಾರ್ಜುನ ಮನಸೂರರಂತಹ ಗಾಯಕರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿ ಬೆಳೆದರು. ಆದರೆ ರಾಮಭಾವು ರಂಗಕ್ಕೆ ಬಂದ ಹೊತ್ತಿಗೆ ಮುಂಬಯಿ, ಪುಣೆ, ವಿದರ್ಭಗಳವರೆಗೆ ವ್ಯಾಪಿಸಿದ್ದ ಪ್ರೇಕ್ಷಕವರ್ಗ ಮರಾಠಿ ಕಂಪನಿಗಳಿಗಿತ್ತು. ಜಮಖಂಡಿ ಸಂಸ್ಥಾನದ ಪ್ರಜೆಗೆ ಆ ಭಾಷೆಯೂ ಪರಕೀಯವಾಗಿರಲಿಲ್ಲ. ಆದ್ದರಿಂದ ಅವರ ಆಯ್ಕೆಯನ್ನು ಭಾಷಾಭಿಮಾನದ ಅಳತೆಗೋಲಿನಿಂದ ಅಳೆಯುವುದು ಆ ಕಾಲದ ವಾಸ್ತವಕ್ಕೆ ನ್ಯಾಯ ಒದಗಿಸಲಾರದು.

೪. ‘ಸವಾಯಿ’ ಎಂಬ ಬಿರುದು

ರಂಗದ ಮೇಲೆ ಅವರು ವಹಿಸಿದ್ದು ಮುಖ್ಯವಾಗಿ ನಾಯಕಿಯ ಪಾತ್ರಗಳನ್ನು. ಸೌಭದ್ರ ನಾಟಕದ ಸುಭದ್ರೆ ಅವರಿಗೆ ಹೆಸರು ತಂದ ಪಾತ್ರ. ಸ್ತ್ರೀಯರು ರಂಗವೇರದಿದ್ದ ಆ ಕಾಲದಲ್ಲಿ ಕಂಪನಿಯ ಆದಾಯ ನಿಂತದ್ದೇ ಸ್ತ್ರೀಪಾತ್ರಧಾರಿಯ ಕಂಠದ ಮೇಲೆ. ಸೀರೆ, ಒಡವೆ, ನಿಲುವು, ನೋಟಗಳಲ್ಲಿ ಹೆಣ್ಣಾಗಿ ಕಾಣಿಸುತ್ತಲೇ ಸಂದರ್ಭದ ಭಾವ ಕೆಡದಂತೆ ರಾಗಶುದ್ಧವಾಗಿ ಹಾಡಬೇಕು. ಮೆಚ್ಚಿದ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಅದೇ ಪದವನ್ನು ಹೊಸ ಆಲಾಪ, ಹೊಸ ತಾನುಗಳಿಂದ ಮತ್ತೆ ತುಂಬಬೇಕು. ಕೆಲವು ನಿಮಿಷಗಳ ಪದವೊಂದರಲ್ಲಿ ರಾಗದ ಮುಖ ತೋರಿಸಿ, ಮಾತಿನ ಅರ್ಥ ಮುಟ್ಟಿಸಿ, ಮತ್ತೆ ಕಥೆಗೆ ಹಿಂದಿರುಗುವ ಈ ಕೌಶಲ ಬೈಠಕ್ಕಿನ ಸಾಧನೆಯಿಂದ ತಾನಾಗಿ ಬರುವಂಥದ್ದಲ್ಲ.

ಅಂದು ಮರಾಠಿ ರಂಗಭೂಮಿಯ ಸ್ತ್ರೀಪಾತ್ರಗಳ ಸಾಮ್ರಾಟರೆಂದರೆ ನಾರಾಯಣರಾವ್ ರಾಜಹಂಸ (೧೮೮೮-೧೯೬೭). ಬಾಲಕನಾಗಿದ್ದಾಗ ಅವರ ಹಾಡು ಕೇಳಿ ಲೋಕಮಾನ್ಯ ಟಿಳಕರು ಬಾಲಗಂಧರ್ವ ಎಂದು ಕರೆದರೆಂಬುದು ಪ್ರಸಿದ್ಧ. ವಿದರ್ಭದ ಅಮರಾವತಿಯಲ್ಲಿ ರಾಮಭಾವುವಿನ ಗಾಯನವನ್ನು ಕೇಳಿದ, ಟಿಳಕರ ಒಡನಾಡಿಯೂ ಆಗಿದ್ದ ದಾದಾಸಾಹೇಬ ಖಾಪರ್ಡೆಯವರು ಅವರಿಗೆ ಸವಾಯಿ ಗಂಧರ್ವ ಎಂಬ ಬಿರುದನ್ನಿತ್ತರು. ಸವಾ ಎಂದರೆ ಒಂದೂಕಾಲು. ಕಾಳುಕಡಿಯ ಅಳತೆಯಲ್ಲಿಯೂ ಬಡ್ಡಿಯ ಲೆಕ್ಕದಲ್ಲಿಯೂ ನಮ್ಮ ಭಾಗದ ರೈತರಿಗೆ ಪರಿಚಿತವಾದ ಮಾತು ಇದು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು ಎಂಬುದು ಬಿರುದಿನ ಇಂಗಿತ. ಬಾಲಗಂಧರ್ವರ ಜನಪ್ರಿಯತೆಯ ಉತ್ತುಂಗದಲ್ಲಿ ಇಂಥ ತುಲನೆಯನ್ನು ಹೊತ್ತ ಹೆಸರು ಗೌರವವೂ ಹೌದು, ಭಾರವೂ ಹೌದು. ಹಾಡಲು ಕುಳಿತಾಗಲೆಲ್ಲ ಆ ಕಾಲುಪಾಲನ್ನು ಸಾಬೀತುಪಡಿಸಬೇಕಾದ ಹೊಣೆಯನ್ನು ಅದು ಹೊರಿಸಿತು. ಬೆಳೆದ ಊರಿನ ಹೆಸರಿನ ಕುಂದಗೋಳಕರ, ಮನೆತನದ ಸಂಶಿ ಎರಡೂ ಹಿಂದೆ ಸರಿದು ಈ ಹೆಸರೇ ಶಾಶ್ವತವಾಯಿತು.

ಈ ಸಂದರ್ಭದಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ೧೯೧೧ರಲ್ಲಿ ರಂಗಕ್ಕೆ ಬಂದ ಖಾಡಿಲಕರರ ಮಾನಾಪಮಾನ ನಾಟಕಕ್ಕೆ ಗೋವಿಂದರಾವ್ ಟೇಂಬೆಯವರು ಸಂಗೀತ ಸಂಯೋಜಿಸಿದ್ದರು. ಅದರ ‘ಚಂದ್ರಿಕಾ ಹೀ ಜಣು’ ಪದವನ್ನು ಮುಂದೆ ಅಬ್ದುಲ್ ಕರೀಂಖಾನರೇ ಧ್ವನಿಮುದ್ರಿಕೆಯಲ್ಲಿ ಹಾಡಿದರು. ಅದು ಮನೆಮನೆಗೂ ತಲುಪಿತು. ಶಿಷ್ಯ ರಂಗಕ್ಕೆ ಹೋದುದನ್ನು ಒಪ್ಪದ ಗುರುವಿನ ಕಂಠದಲ್ಲಿಯೂ ರಂಗದ ಪದ ಬಂದು ಕುಳಿತಿತು. ರಂಗಸಂಗೀತ ಮತ್ತು ರಾಗಸಂಗೀತಗಳ ನಡುವೆ ದಾಟಲಾಗದ ಗೋಡೆಯಿತ್ತೆಂಬ ನಂಬಿಕೆಯನ್ನು ಈ ಒಂದು ಮುದ್ರಿಕೆಯೇ ಸಡಿಲಿಸುತ್ತದೆ. ಖಾನ್ ಸಾಹೇಬರ ಆಕ್ಷೇಪ ನಾಟ್ಯಪದಗಳಿಗಿಂತ ಹೆಚ್ಚಾಗಿ ಕಂಪನಿಯ ದುಡಿಮೆ ಕಂಠಕ್ಕೆ ಮಾಡುವ ಹಾನಿಯನ್ನು ಕುರಿತಾಗಿತ್ತೆಂದು ಭಾವಿಸುವುದೇ ಹೆಚ್ಚು ಸೂಕ್ತ.

೫. ಬೈಠಕ್ಕಿಗೆ ಮರಳಿದ್ದು

ಆ ಆಕ್ಷೇಪದಲ್ಲಿ ಸತ್ಯವಿತ್ತು. ನಾಟಕದ ವರ್ಷಗಳು ರಾಮಭಾವುವಿನ ದನಿಯ ಮೇಲೆ ತಮ್ಮ ಗುರುತನ್ನು ಉಳಿಸಿಹೋದವು. ಮೂಲದಲ್ಲಿಯೇ ಮಣಿಯದ ಆ ಕಂಠ ಬೈಠಕ್ಕಿನ ಮೊದಲ ಹತ್ತು ಹದಿನೈದು ನಿಮಿಷ ಗಂಟಲಲ್ಲಿ ಸಿಕ್ಕಿಕೊಂಡಂತಿರುತ್ತಿತ್ತು. ಶ್ರುತಿಯಲ್ಲಿ ನಿಧಾನವಾಗಿ ಕಾಯಿಸಿದ ಮೇಲೆ ದನಿ ತೆರೆದುಕೊಂಡು, ಮತ್ತೆ ಗಂಟೆಗಟ್ಟಲೆ ತಡೆಯಿಲ್ಲದೆ ಹರಿಯುತ್ತಿತ್ತು. ಅವರ ಕಛೇರಿಗಳನ್ನು ಬಲ್ಲವರು ಈ ಆರಂಭದ ಹೋರಾಟವನ್ನು ಸಹನೆಯಿಂದ ಕಾಯುತ್ತಿದ್ದರು.

೧೯೩೦ರ ದಶಕದ ಹೊತ್ತಿಗೆ ರಂಗಭೂಮಿಯ ಪರಿಸ್ಥಿತಿ ಬದಲಾಗಿತ್ತು. ೧೯೩೧ರಲ್ಲಿ ಹಿಂದಿ, ೧೯೩೨ರಲ್ಲಿ ಮರಾಠಿ, ೧೯೩೪ರಲ್ಲಿ ಕನ್ನಡ ವಾಕ್ಚಿತ್ರಗಳು ತೆರೆಕಂಡವು. ಹಾಡು ಕೇಳಲು ನಾಟಕದ ಮಂಟಪಕ್ಕೆ ಬರುತ್ತಿದ್ದ ಜನ ಚಿತ್ರಮಂದಿರಗಳತ್ತ ಹೊರಳಿದರು. ಸ್ತ್ರೀಪಾತ್ರಗಳಿಗೆ ಸ್ತ್ರೀಯರೇ ಬಂದರು. ಸಾಲದ ಭಾರ ಹೊತ್ತ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅದೇ ಕಾಲದಲ್ಲಿ ಸಂಗೀತ ಪರಿಷತ್ತುಗಳು, ಗ್ರಾಮಾಫೋನ್ ಮುದ್ರಿಕೆಗಳು, ಆಕಾಶವಾಣಿ ಶಾಸ್ತ್ರೀಯ ಗಾಯಕನಿಗೆ ಹೊಸ ಜೀವನಮಾರ್ಗ ತೆರೆದವು. ರಂಗದಲ್ಲಿದ್ದಾಗಲೂ ಬೈಠಕ್ಕನ್ನು ಪೂರ್ತಿಯಾಗಿ ತೊರೆಯದಿದ್ದ ಸವಾಯಿ ಗಂಧರ್ವರು ಈ ಹೊಸ ವ್ಯವಸ್ಥೆಯಲ್ಲಿ ಅಗ್ರಶ್ರೇಣಿಯ ಖ್ಯಾಲ್ ಗಾಯಕರಾಗಿ ನಿಂತರು.

ಅವರ ಬೈಠಕ್ಕಿನ ಗಾಯನದಲ್ಲಿ ರಂಗದ ಸಂಸ್ಕಾರವನ್ನು ಗುರುತಿಸಬಹುದು. ಖಾನ್ ಸಾಹೇಬರ ಗಾಯನ ಸ್ವರದ ತನ್ಮಯತೆಯಲ್ಲಿ ತಾಳದ ಕಟ್ಟನ್ನು ಕೆಲವೊಮ್ಮೆ ಹಿನ್ನೆಲೆಗೆ ಸರಿಸುತ್ತಿತ್ತು. ಶಿಷ್ಯರು ಅದೇ ವಿಲಂಬಿತ ಬಢತ್ತನ್ನು ಉಳಿಸಿಕೊಂಡು ಲಯದ ಬಿಗಿಯನ್ನೂ ತಾನುಗಳ ಓಟವನ್ನೂ ಅದಕ್ಕೆ ಕೂಡಿಸಿದರು. ಬಂದಿಶಿನ ಮುಖಡಾ ಸಮದ ಮೇಲೆ ಬಂದು ಬೀಳುವಾಗ ಶ್ರೋತೃವಿನ ಕಾತರವನ್ನು ಬೆಳೆಸಿ ತಣಿಸುವ ರೀತಿ, ಪದದ ಮಾತಿಗೆ ಕೊಡುವ ಒತ್ತು, ಠುಮ್ರಿಯಲ್ಲಿ ಭಾವವನ್ನು ಹಿಡಿದು ನಿಲ್ಲಿಸುವ ಸಂಯಮ: ಪ್ರೇಕ್ಷಕನ ಎದುರು ವರ್ಷಗಟ್ಟಲೆ ನಿಂತವನಿಗೆ ದಕ್ಕಿದ ಗುಣಗಳಿವು. ಮೂರು ಮೂರೂವರೆ ನಿಮಿಷದ ೭೮ ವೇಗದ ಮುದ್ರಿಕೆಗಳು ಅನೇಕ ಖ್ಯಾಲ್ ಗಾಯಕರಿಗೆ ಇಕ್ಕಟ್ಟಾಗಿದ್ದವು. ಸವಾಯಿ ಗಂಧರ್ವರ ಶಂಕರಾ, ಭೈರವಿ ಮೊದಲಾದ ಮುದ್ರಿಕೆಗಳು ಆ ಅಳತೆಯೊಳಗೇ ರಾಗದ ಪೂರ್ಣತೆಯನ್ನು ತೋರಿಸುತ್ತವೆ. ಕಿರಿದರಲ್ಲಿ ಹಿರಿದನ್ನು ಹೇಳುವ ಈ ವಿದ್ಯೆ ನಾಟ್ಯಪದಗಳ ಅಭ್ಯಾಸದ ಫಲವೆಂದರೆ ತಪ್ಪಾಗಲಾರದು.

೬. ಕುಂದಗೋಳದ ಗುರುಮನೆ

ರಂಗವನ್ನು ಬಿಟ್ಟ ಮೇಲೆ ಅವರು ಪುಣೆ ಮುಂಬಯಿಗಳಲ್ಲಿ ನೆಲೆಸದೆ ಕುಂದಗೋಳಕ್ಕೆ ಬಂದುದು ಕರ್ನಾಟಕದ ಸಂಗೀತದ ದೃಷ್ಟಿಯಿಂದ ಮಹತ್ವದ ಘಟನೆ. ತಾಲ್ಲೂಕಿನ ಒಂದು ಸಣ್ಣ ಊರು ಸಂಗೀತದ ಪಾಠಶಾಲೆಯಾಯಿತು. ಕಿರಾನಾ ಘರಾಣೆಯನ್ನು ಅರಸಿ ದೂರದೂರಿಗೆ ಹೋಗಬೇಕಿದ್ದ ಕನ್ನಡದ ಮಕ್ಕಳಿಗೆ ಅದು ಮನೆಯ ಬಾಗಿಲಿಗೆ ಬಂದಿತ್ತು.

ಗದಗಿನ ಭೀಮಸೇನ ಜೋಶಿಯವರ (೧೯೨೨-೨೦೧೧) ಕಥೆಯೇ ಇದಕ್ಕೆ ನಿದರ್ಶನ. ಅಬ್ದುಲ್ ಕರೀಂಖಾನರ ಮುದ್ರಿಕೆ ಕೇಳಿ ಹುಚ್ಚು ಹಿಡಿದ ಬಾಲಕ ೧೯೩೩ರಲ್ಲಿ ಮನೆಬಿಟ್ಟು ಗ್ವಾಲಿಯರ್, ಜಲಂಧರಗಳವರೆಗೆ ಗುರುವನ್ನು ಹುಡುಕುತ್ತ ಅಲೆದ. ಜಲಂಧರದಲ್ಲಿ ಭೇಟಿಯಾದ ವಿನಾಯಕರಾವ್ ಪಟವರ್ಧನರು ಸವಾಯಿ ಗಂಧರ್ವರ ಬಳಿಗೆ ಹೋಗುವಂತೆ ಸೂಚಿಸಿದರು. ಹುಡುಕುತ್ತಿದ್ದ ವಿದ್ಯೆ ಗದಗಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿತ್ತು. ೧೯೩೬ರಿಂದ ಸುಮಾರು ಐದು ವರ್ಷ ಅವರು ಗುರುಮನೆಯಲ್ಲಿದ್ದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು.

ಗಂಗೂಬಾಯಿ ಹಾನಗಲ್ಲರ (೧೯೧೩-೨೦೦೯) ಸ್ಥಿತಿ ಬೇರೆ. ಕರ್ನಾಟಕ ಸಂಗೀತ ಬಲ್ಲ ಅಂಬಾಬಾಯಿಯವರ ಮಗಳು; ಹಾಡುವ ಹೆಣ್ಣುಮಕ್ಕಳ ಮನೆತನವನ್ನು ಅಂದಿನ ಮರ್ಯಾದಸ್ಥ ಸಮಾಜ ಹೊರಗಿಟ್ಟೇ ನೋಡುತ್ತಿತ್ತು. ಸಂಸಾರದ ಹೊಣೆಯಿದ್ದ ಅವರು ಗುರುಮನೆಯಲ್ಲಿ ವಾಸಿಸುವಂತಿರಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಮುಗಿಸಿ ಮತ್ತೆ ರೈಲಿನಲ್ಲಿ ಹಿಂದಿರುಗುತ್ತಿದ್ದರು. ಗುರುಮನೆಯಿಂದ ನಿಲ್ದಾಣದವರೆಗೆ ಅವರನ್ನು ಕಳಿಸಲು ಹೋಗುತ್ತಿದ್ದ ಭೀಮಸೇನರಿಗೆ ಆ ದಾರಿಯೇ ಅಂದಿನ ಪಾಠವನ್ನು ಕೇಳಿ ತಿಳಿಯುವ ಇನ್ನೊಂದು ತರಗತಿಯಾಗಿತ್ತು. ಬ್ರಾಹ್ಮಣ ಮನೆತನದ ಗುರು, ಮುಸಲ್ಮಾನ ಉಸ್ತಾದರಿಂದ ಪಡೆದ ವಿದ್ಯೆಯನ್ನು, ಸಮಾಜ ಅಂಚಿಗೆ ಸರಿಸಿದ ಮನೆತನದ ಹೆಣ್ಣುಮಗಳಿಗೆ ಧಾರೆಯೆರೆದುದು ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದಲೂ ಗಮನಿಸಬೇಕಾದ ಸಂಗತಿ. ವರ್ಷಗಟ್ಟಲೆ ಹೆಣ್ಣಿನ ಪಾತ್ರವಹಿಸಿ ಹಾಡಿದ ಗುರು ಗಂಡುದನಿಗೆ ಹತ್ತಿರವಾದ ಹೆಣ್ಣುಕಂಠವನ್ನು ಅದರ ಸಹಜ ನೆಲೆಯಲ್ಲಿಯೇ ಬೆಳೆಸಿದರು.

ಫಿರೋಜ್ ದಸ್ತೂರರು (೧೯೧೯-೨೦೦೮) ಬಂದದ್ದು ಮುಂಬಯಿಯ ಚಿತ್ರಲೋಕದಿಂದ. ೧೯೩೩ರ ಲಾಲ್-ಎ-ಯಮನ್ ವಾಕ್ಚಿತ್ರದಲ್ಲಿ ಬಾಲನಟರಾಗಿ ಹಾಡಿದ್ದ ಪಾರ್ಸಿ ಮನೆತನದ ಈ ಕಲಾವಿದರು ಗುರುವಿನ ಕಿರಾನಾ ಶೈಲಿಯನ್ನು ಕೊನೆಯವರೆಗೆ ಬಿಡದೆ ಉಳಿಸಿಕೊಂಡರು. ನಾಟಕ ಕಂಪನಿಯಲ್ಲಿ ಪಳಗಿದ್ದ ಬಸವರಾಜ ರಾಜಗುರು ಅವರೂ ಕೆಲಕಾಲ ಇಲ್ಲಿ ಪಾಠ ಪಡೆದರು.

ಪಾಠಕ್ರಮ ಮಾತ್ರ ಕಠಿಣವಾಗಿತ್ತು. ಕೆಲವೇ ರಾಗಗಳು, ಒಂದೊಂದಕ್ಕೂ ತಿಂಗಳುಗಟ್ಟಲೆ ಸಮಯ. ಒಂದು ಸ್ವರಪುಂಜ ತಿದ್ದುವವರೆಗೆ ಮುಂದಿನದರ ಮಾತಿಲ್ಲ. ತಾವೇ ಗುರುವಿನ ಇಷ್ಟಕ್ಕೆ ವಿರುದ್ಧವಾಗಿ ರಂಗಕ್ಕೆ ಹೋಗಿದ್ದವರು ಶಿಷ್ಯರಿಗೆ ಬೇಗನೆ ರಂಜಿಸುವ ದಾರಿಯನ್ನು ತೋರಿಸಲಿಲ್ಲ. ಪ್ರೇಕ್ಷಕನ ಚಪ್ಪಾಳೆ ಏನು ಕೊಡುತ್ತದೆ, ಬದಲಿಗೆ ಏನನ್ನು ಕೇಳುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ತಮ್ಮ ದನಿ ತೆತ್ತ ಬೆಲೆಯನ್ನು ಶಿಷ್ಯರ ದನಿ ತೆರಬಾರದೆಂಬ ಎಚ್ಚರ ಈ ಕಠಿಣ ಕ್ರಮದ ಹಿಂದೆ ಇತ್ತೆಂದು ಊಹಿಸಲು ಅವಕಾಶವಿದೆ.

೭. ಕೊನೆಯ ವರ್ಷಗಳು ಮತ್ತು ಸ್ಮರಣೆ

೧೯೪೦ರ ದಶಕದ ಆರಂಭದಲ್ಲಿ ಅವರು ಪಾರ್ಶ್ವವಾಯುವಿಗೆ ತುತ್ತಾದರು. ಸಾರ್ವಜನಿಕ ಗಾಯನ ನಿಂತಿತು. ೧೯೪೬ರಲ್ಲಿ ಪುಣೆಯಲ್ಲಿ ಗುರುವಿನ ಷಷ್ಟ್ಯಬ್ದಿಯ ಸಂದರ್ಭದಲ್ಲಿ ಭೀಮಸೇನರು ಹಾಡಿದ ಕಛೇರಿ ಶಿಷ್ಯನ ಕೀರ್ತಿಯ ಮೊದಲ ಮೆಟ್ಟಿಲಾಯಿತು. ದನಿ ಕಳೆದುಕೊಂಡ ಗುರುವಿನ ವಿದ್ಯೆ ಇನ್ನೊಂದು ಕಂಠದಲ್ಲಿ ಕೇಳಿಬಂತು. ೧೯೫೨ರ ಸೆಪ್ಟೆಂಬರ್ ೧೨ರಂದು ಸವಾಯಿ ಗಂಧರ್ವರು ನಿಧನರಾದರು.

೧೯೫೩ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳದ ಮೂಲಕ ಆರಂಭವಾದ ಪುಣ್ಯತಿಥಿಯ ಸಂಗೀತೋತ್ಸವ ಭೀಮಸೇನರ ಶ್ರಮದಿಂದ ದೇಶದ ಅತ್ಯಂತ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ಭೀಮಸೇನರು ತೀರಿಕೊಂಡ ಮೇಲೆ ಅದರ ಹೆಸರಿನಲ್ಲಿ ಗುರುವಿನ ಜೊತೆಗೆ ಶಿಷ್ಯನ ಹೆಸರೂ ಸೇರಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಪುಣೆಯ ಉತ್ಸವಕ್ಕೆ ಸಾವಿರಾರು ಜನರ ಮಂಟಪ. ಇಲ್ಲಿ ಹಳೆಯ ವಾಡೆಯ ನೆಲದ ಮೇಲೆ ಜಮಖಾನೆ ಹಾಸಿ ಕುಳಿತ ಊರವರು. ಒಂದರಲ್ಲಿ ರಂಗದ ವಿಸ್ತಾರ, ಇನ್ನೊಂದರಲ್ಲಿ ಬೈಠಕ್ಕಿನ ಸಾಮೀಪ್ಯ.

ಒಟ್ಟಾರೆ, ಸವಾಯಿ ಗಂಧರ್ವರ ರಂಗಜೀವನವನ್ನು ಅವರ ಸಂಗೀತಕ್ಕೆ ಅಂಟಿದ ಕಳಂಕವೆಂದಾಗಲಿ, ಹೊಟ್ಟೆಪಾಡಿನ ತಾತ್ಕಾಲಿಕ ವ್ಯವಸ್ಥೆಯೆಂದಾಗಲಿ ಬದಿಗಿಡಲಾಗದು. ರಂಗ ಅವರ ಕಂಠದಿಂದ ಒಂದಿಷ್ಟನ್ನು ಕಸಿದುಕೊಂಡಿತು. ಹೆಸರು, ಅನ್ನ, ಲಯದ ಬಿಗಿ, ಮಾತಿನ ಬೆಲೆ, ಶ್ರೋತೃವಿನ ಅರಿವುಗಳನ್ನು ಕೊಟ್ಟಿತು. ಖಾನ್ ಸಾಹೇಬರ ಸ್ವರಸಾಧನೆಗೆ ಇವು ಕೂಡಿದಾಗ ಹುಟ್ಟಿದ ಗಾಯಕಿಯೇ ಗಂಗೂಬಾಯಿ, ಭೀಮಸೇನರ ಮೂಲಕ ನಮಗೆ ತಲುಪಿದ್ದು. ಕನ್ನಡ ರಂಗಭೂಮಿಯ ಚರಿತ್ರೆ ತನ್ನ ಭಾಷೆಯ ಗಡಿಯಾಚೆ ದುಡಿದ ಇಂಥ ಕಲಾವಿದರನ್ನೂ, ಸಂಗೀತದ ಚರಿತ್ರೆ ರಂಗದ ಪರದೆಯ ಹಿಂದಿನ ವರ್ಷಗಳನ್ನೂ ತಮ್ಮ ಅಧ್ಯಯನದ ಕಕ್ಷೆಗೆ ತಂದುಕೊಳ್ಳುವುದು ಅಗತ್ಯ. ಕುಂದಗೋಳದ ಕಾರಕೂನನ ಮಗನ ಲೆಕ್ಕದಲ್ಲಿ ಆ ಕಾಲುಪಾಲು ಎಲ್ಲಿಂದ ಬಂತೆಂಬುದಕ್ಕೆ ಉತ್ತರ ಅಲ್ಲಿದೆ.